ಬುಟ್ಟಿಯಮ್ಮನ ಬಿಗಿಪಟ್ಟಿ

ನನ್ನ ಅತ್ತೆಗೆ ಲಾಂಡ್ರಿಯಲ್ಲಿ ಎಲ್ಲರೂ ಇಟ್ಟ ಹೆಸರು ಬುಟ್ಟಿಯಮ್ಮ. ಹೋಟೆಲುಗಳ ಹಾಸು, ಹೊದಿಕೆ ಒಗೆಯುವ ಜಾಗ ಅದು. ಯಂತ್ರದಿಂದ ತೆಗೆದ ಒದ್ದೆ ಬಟ್ಟೆಯ ಬುಟ್ಟಿಯನ್ನು ಬೇರೆಯವರು ಇಬ್ಬಿಬ್ಬರು ಹಿಡಿದು ಏದುಸಿರು ಬಿಟ್ಟರೆ, ಈ ಮಹಾತಾಯಿ ಒಬ್ಬರೇ ಎತ್ತಿಕೊಂಡು ಒಣಗಿಸುವ ಕೋಣೆಗೆ ನಡೆದುಬಿಡುತ್ತಿದ್ದರು. ಯಾರಾದರೂ ಕೈ ಜೋಡಿಸಲು ಹೋದರೆ "ನನ್ನ ಬುಟ್ಟಿ ಮುಟ್ಟಿದ್ರೆ ಕೈ ಮುರೀತೀನಿ" ಅನ್ನುವುದು ಬೇರೆ. ನಾನೂ ಅಲ್ಲೇ ಬಟ್ಟೆ ಮಡಿಸುವ ಕೆಲಸಕ್ಕಿದ್ದೇನೆ. ಮನೆಯಲ್ಲೂ ಅವರೇ, ಕೆಲಸದಲ್ಲೂ ಅವರೇ. ನನ್ನ ತಾಳ್ಮೆಗೆ ಯಾರಾದರೂ ಬಹುಮಾನ ಕೊಡಬೇಕು.

ಇಂಥವರು ಇದ್ದಕ್ಕಿದ್ದಂತೆ "ಈ ತಿಂಗಳಿಗೆ ಕೆಲಸ ಬಿಡ್ತೀನಿ" ಅಂದರೆ ನಂಬುವುದು ಹೇಗೆ? ಆ ಒಗೆಯುವ ಕೋಣೆಯೇ ಅವರ ಜೀವ. ಅಲ್ಲಿನ ಗದ್ದಲ ಕೇಳದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಕಾರಣ ಕೇಳಿದರೆ ಸೊಂಟನೋವು ಅಂತ ತೇಲಿಸಿದರು. ನಾನು ಬಿಡುವ ಪೈಕಿಯೇ? ಬಾಗಿಲಿಗೆ ಅಡ್ಡ ನಿಂತೆ.

"ನಿಜ ಹೇಳೋ ತನಕ ಹೊರಗೆ ಬಿಡಲ್ಲ ಅತ್ತೆ."

ಅವರು ಗೋಡೆ ನೋಡುತ್ತಾ ಹೇಳಿದರು. "ಕೆಳಗೆ ಏನೋ ಜಾರಿ ಬಂದಿದೆ ಕಣೇ. ಬೆಳಿಗ್ಗೆ ಏನೂ ಇರಲ್ಲ, ಸಂಜೆ ಹೊತ್ತಿಗೆ ಚೆಂಡಿನ ಹಾಗೆ ಕೈಗೆ ಸಿಗತ್ತೆ. ನಕ್ಕರೆ, ಕೆಮ್ಮಿದರೆ ಉಚ್ಚೆ ಬೇರೆ. ಕ್ಯಾನ್ಸರ್ರೇ ಇರಬೇಕು. ಡಾಕ್ಟ್ರು ಎಲ್ಲಾ ಕಿತ್ತುಹಾಕಿ ನನ್ನ ಮೂಲೆಗೆ ಕೂರಿಸ್ತಾರೆ."

ಆಮೇಲೆ ಹೊಟ್ಟೆಯ ಸುತ್ತ ಬಿಗಿದುಕೊಂಡಿದ್ದ ಪಟ್ಟಿ ತೋರಿಸಿದರು. ಹಳೆಯ ಹಾಸು ಹರಿದು, ಹುರಿ ಮಾಡಿ, ಉಸಿರು ಸಿಕ್ಕಿಕೊಳ್ಳುವಷ್ಟು ಬಿಗಿದಿದ್ದರು. "ಬಟ್ಟೆ ಗಂಟು ಬಿಗಿಯಾಗಿ ಕಟ್ಟಿದ್ರೆ ಜಾರಲ್ವಲ್ಲ, ಹಾಗೆ" ಅಂದರು. ಚರ್ಮ ಕೆಂಪಗೆ ಕಂದಿಹೋಗಿತ್ತು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಸಿಟ್ಟನ್ನೇ ಮುಂದೆ ಮಾಡಿಕೊಂಡು ಅವರನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಕ್ಯಾನ್ಸರ್ ಅಲ್ಲ, ಗರ್ಭಕೋಶ ಕೆಳಗೆ ಜಾರಿದೆ ಅಂದರು. ಹೆರಿಗೆಗಳು, ವಯಸ್ಸು, ವರ್ಷಗಟ್ಟಲೆ ಎತ್ತಿದ ಭಾರ, ಎಲ್ಲ ಸೇರಿ ಅದನ್ನು ಹಿಡಿದಿಡುವ ಸ್ನಾಯುಗಳು ಸಡಿಲವಾಗಿವೆಯಂತೆ. ಎಷ್ಟೋ ಹೆಂಗಸರಿಗೆ ಆಗುವಂಥದ್ದೇ. ಪಟ್ಟಿ ಕಂಡಾಗ ಮಾತ್ರ ಅವರು ಹಣೆ ಚಚ್ಚಿಕೊಂಡರು.

"ಗಂಟಿಗೆ ಬಾಯಿ ಮೇಲಿರತ್ತೆ ತಾಯಿ, ಇಲ್ಲಿ ಬಾಯಿ ಇರೋದು ಕೆಳಗೆ. ನಡು ಬಿಗಿದಷ್ಟೂ ಗರ್ಭಕೋಶ ಕೆಳಗೇ ತಾನೆ ಹೋಗೋದು?"

ಅತ್ತೆ ಪೆಚ್ಚಾದರು. ನಾನು ನಗು ತಡೆಯಲು ಕಿಟಕಿ ಕಡೆ ತಿರುಗಿದೆ.

ಆಪರೇಷನ್ನಿಗೆ ಈಗಲೇ ಅವಸರವಿಲ್ಲ ಅಂದರು ಡಾಕ್ಟರಮ್ಮ. ಒಳಗೆ ಇಡುವ ಮೆತ್ತನೆಯ ಬಳೆಯಂಥ ಒಂದು ಸಾಧನವನ್ನು ಅಳತೆ ನೋಡಿ ಕೂರಿಸಿದರು. ಅದು ಗರ್ಭಕೋಶಕ್ಕೆ ಆಸರೆ. ಆಗಾಗ ತೆಗೆದು ತೊಳೆಯಬೇಕು, ಹೇಳಿದ ದಿನ ಬಂದು ತೋರಿಸಬೇಕು, ರಕ್ತ ಕಂಡರೆ ಅಥವಾ ಉಚ್ಚೆ ಕಟ್ಟಿದರೆ ತಡಮಾಡದೆ ಬರಬೇಕು.

"ಇದನ್ನೂ ತೊಳೀಬೇಕಾ?" ಅತ್ತೆ ಬಾಯಿ ಬಿಟ್ಟರು. "ತೊಳೆಯೋ ಕೆಲಸ ನನ್ನ ಸಾಯೋ ತನಕ ಬಿಡಲ್ಲ ಬಿಡಿ."

ಆಮೇಲೆ ವ್ಯಾಯಾಮ. ಉಚ್ಚೆ ತಡೆದುಕೊಳ್ಳುವ ಹಾಗೆ ಕೆಳಗಿನ ಸ್ನಾಯು ಬಿಗಿಹಿಡಿದು, ನಿಧಾನವಾಗಿ ಸಡಿಲ ಬಿಡುವುದು. ಅತ್ತೆ ಎಷ್ಟು ಶ್ರದ್ಧೆಯಿಂದ ಹಿಡಿದರೆಂದರೆ ಹುಬ್ಬೆರಡೂ ಗಂಟಾಗಿ ಕೂಡಿಕೊಂಡವು. "ಹುಬ್ಬಲ್ಲಮ್ಮ, ಕೆಳಗಿಂದು" ಅಂದರು ಡಾಕ್ಟರಮ್ಮ.

ಕೊನೆಗೆ ಅತ್ತೆ ಸಣ್ಣ ದನಿಯಲ್ಲಿ ಕೇಳಿದರು, "ಕೆಲಸ?"

"ಧಾರಾಳವಾಗಿ ಹೋಗಿ. ಮಲಬದ್ಧತೆ ಆಗದ ಹಾಗೆ ನೋಡ್ಕೊಳ್ಳಿ. ಆದರೆ ಬುಟ್ಟಿ ಮಾತ್ರ ಒಬ್ಬರೇ ಎತ್ತಬೇಡಿ."

ಬರುವಾಗ ದಾರಿಯುದ್ದಕ್ಕೂ ಅತ್ತೆಗೆ ಬುಟ್ಟಿಯದೇ ಚಿಂತೆ. ರೋಗ ಹೇಳಿಕೊಳ್ಳುವುದಕ್ಕಿಂತ ಬುಟ್ಟಿ ಎತ್ತಲಾರೆ ಎಂದು ಹತ್ತು ಜನರ ಮುಂದೆ ಹೇಳುವುದೇ ಅವರಿಗೆ ಕಷ್ಟವಾಗಿತ್ತು. ಹೇಳಲಾಗದಿದ್ದರೆ ಕೆಲಸ ಬಿಡುವುದೊಂದೇ ದಾರಿ. ಅದನ್ನು ಅವರಿಗೇ ಬಿಟ್ಟೆ.

ಮರುದಿನ ಯಂತ್ರ ನಿಂತಿತು. ಬುಟ್ಟಿ ತುಂಬಿತು. ಅತ್ತೆ ಅದರ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿಯೇಬಿಟ್ಟರು. "ನನ್ನ ಗರ್ಭಕೋಶ ಜಾರಿದೆ. ಸಾಯೋ ಕಾಯಿಲೆ ಅಲ್ಲ ಅಂದ್ರು ಡಾಕ್ಟರಮ್ಮ. ಇನ್ನು ಮೇಲೆ ಇದನ್ನ ಒಬ್ಬಳೇ ಎತ್ತಲ್ಲ, ಯಾರಾದ್ರೂ ಬನ್ನಿ."

ಮುಂದೆ ಬಂದವಳು ಇಸ್ತ್ರಿ ಮಾಡುವ ಅಕ್ಕ. ಅವಳಿಗೂ ಅತ್ತೆಗೂ ಎಣ್ಣೆ ಸೀಗೆಕಾಯಿ ಸಂಬಂಧ. ಬಾಗಿ ಬುಟ್ಟಿಯ ಹಿಡಿಕೆಗೆ ಕೈ ಹಾಕಿ, ತಲೆ ಎತ್ತದೆ ಕೇಳಿದಳು:

"ಆ ಡಾಕ್ಟರಮ್ಮ ಬೈತಾರಾ? ನಂಗೆ ಮೂರನೇ ಹೆರಿಗೆ ಆದಾಗಿಂದ ಹೀಗೇ ಇದೆ."

ಅವಳ ಮೂರನೇ ಮಗನಿಗೆ ಆಗಲೇ ಮದುವೆಯಾಗಿತ್ತು.

ಅತ್ತೆ ಅವಳನ್ನೇ ನೋಡಿದರು. ಆಮೇಲೆ ಅವಳ ಕೈಯನ್ನು ಹಿಡಿಕೆಯಿಂದ ಬಿಡಿಸಿ, ಲಾಂಡ್ರಿ ಯಜಮಾನರು ಕೂರುವ ಗಾಜಿನ ಕೋಣೆಯ ಕಡೆ ತಿರುಗಿ ಕೂಗಿದರು, "ಯಜಮಾನ್ರೇ, ಸ್ವಲ್ಪ ಈ ಕಡೆ ಬನ್ನಿ. ಒಂದು ಬುಟ್ಟಿ ಎತ್ತೋದಿದೆ."

ಯಜಮಾನರು ಅಂಗಿಯ ತೋಳು ಮೇಲೇರಿಸಿಕೊಂಡು ಬಂದರು. ನಾನು ಇನ್ನೊಂದು ಕಡೆ ಹಿಡಿದೆ. ನಾವಿಬ್ಬರೂ ಬುಟ್ಟಿ ಹೊತ್ತು ತೂರಾಡುತ್ತಾ ಹೋಗುವಾಗ, ಹಿಂದೆ ಅತ್ತೆ ಇಸ್ತ್ರಿ ಅಕ್ಕನಿಗೆ ಗದರುವುದು ಕೇಳಿಸಿತು:

"ಇಷ್ಟು ವರ್ಷ ಬಾಯಿ ಬಿಡೋಕೆ ಏನಾಗಿತ್ತೇ ನಿಂಗೆ? ನಾಳೆ ರಜೆ ಹಾಕು. ನಾನೇ ಕರ್ಕೊಂಡು ಹೋಗ್ತೀನಿ."