ಮಗಳ ಆಟಕ್ಕೆ ನಾನೂ ಸೇರಿದೆ

ಗುಬ್ಬಿಯ ನಮ್ಮ ಶಾಲೆಯ ಪೋಷಕರ ಸಭೆಯಲ್ಲಿ ಟೀಚರಾದ ನಾನು ಪ್ರತಿಸಲ ಒಂದೇ ಉಪದೇಶ ಕೊಡುತ್ತಿದ್ದೆ: ಮೊಬೈಲ್ ಕಿತ್ತುಕೊಳ್ಳಬೇಡಿ, ಪಕ್ಕದಲ್ಲಿ ಕೂತು ಮಕ್ಕಳು ಏನಾಡುತ್ತಾರೆ ನೋಡಿ. ಹಾಗಲವಾಡಿಯ ತಂದೆಯೊಬ್ಬರು ಕೇಳಿಯೇಬಿಟ್ಟರು, "ಪಕ್ಕದಲ್ ಕುಂತ್ರೆ ಬುಟ್ಬುಡ್ತವಾ ಮೇಡಂ? ನಿಮ್ಮನೇಲಿ ಬುಟ್ರಾ?" ನನಗೆ ಸಿಟ್ಟು ಬಂತು. ತುಮಕೂರಿನ ಮನೆಯಲ್ಲಿ ನಾನು ಮಾಡುತ್ತಿದ್ದುದು ಕಿತ್ತುಕೊಳ್ಳುವ ಕೆಲಸವನ್ನೇ.

ಒಂಬತ್ತನೇ ಕ್ಲಾಸಿನ ಮಗಳು ಸಂಜೆಯಾದರೆ ಮೊಬೈಲ್ ಹಿಡಿದು, ಗೆಳತಿಯರ ಜೊತೆ ಆನ್‌ಲೈನಿನಲ್ಲಿ ಗುಂಡು ಹಾರಿಸುವ ಆಟ ಆಡಲು ರೂಮು ಸೇರುತ್ತಿದ್ದಳು. ಒಳಗಿನಿಂದ ನಗು, ಕೂಗಾಟ. ನನ್ನ ಜೊತೆ ಮಾತ್ರ ಹೂಂ, ಊಹೂಂ ಅಷ್ಟೇ. ಅವಳಪ್ಪ ಕುಣಿಗಲ್‌ನಿಂದ ಕೆಲಸ ಮುಗಿಸಿ ಬರುವಷ್ಟರಲ್ಲಿ ನಮ್ಮದು ಒಂದು ಸುತ್ತು ಜಗಳ ಆಗಿರುತ್ತಿತ್ತು. ಮಗಳು ನನ್ನಿಂದ ದೂರವಾಗುತ್ತಿದ್ದಾಳೆ ಎಂದು ಭಯವಾಗುತ್ತಿತ್ತು. ಆ ಆಟದಲ್ಲಿ ಅಂಥದ್ದೇನಿದೆ ಎಂಬ ಕುತೂಹಲವೂ ಅಷ್ಟೇ ಇತ್ತು.

ಒಂದು ಸಂಜೆ ಹೋಗಿ, "ನಂಗೂ ಹೇಳ್ಕೊಡೇ" ಅಂದೆ. ಅವಳು ನಂಬಲಿಲ್ಲ. ನನ್ನ ಫೋನಿಗೂ ಆಟ ಹಾಕಿಸಿಕೊಂಡೆ. ಮೊದಲ ದಿನ ಆಟದೊಳಗೆ ಪ್ಯಾರಾಚೂಟಿನಿಂದ ಇಳಿದವಳು ಗೋಡೆ ನೋಡುತ್ತಾ ನಿಂತೇ ಸತ್ತೆ.

"ತಿರುಗಮ್ಮ, ಹಿಂದ್ಗಡೆ ಬಂದವ್ನೆ ಅಂದೆನಲ್ಲ" ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟೋ ತಿಂಗಳಾದ ಮೇಲೆ ನನಗೆ ಒರಗಿ ಕೂತಿದ್ದಳು. ಸಂತೋಷಕ್ಕೆ ನಾನು ಇನ್ನೂ ನಾಲ್ಕು ಸಲ ಸತ್ತೆ.

ಆದರೆ ಟೀಚರ್ ಬುದ್ಧಿ ಎಲ್ಲಿ ಹೋಗುತ್ತದೆ? ಆಟಕ್ಕೆ ಟೈಮ್‌ಟೇಬಲ್ ಹಾಕಿದೆ. ತಂಡದ ಒಬ್ಬೊಬ್ಬ ಗೆಳತಿಯನ್ನೂ ಮೈಕಿನಲ್ಲಿ ವಿಚಾರಿಸಿದೆ, ಯಾವ ಸ್ಕೂಲು, ಹೋಮ್‌ವರ್ಕ್ ಮುಗೀತಾ ಎಂದು.

ತಿಂಗಳೊಳಗೆ ಮಗಳು ಆಡುವುದನ್ನೇ ಬಿಟ್ಟಳು. "ಗೆದ್ದೆ ಬಿಡು" ಎಂದರು ನಮ್ಮ ಮನೆಯವರು. ಎರಡು ದಿನ ನಾನೂ ಬೀಗಿದೆ. ಮೂರನೇ ಸಂಜೆ ತಡೆಯಲಾರದೆ ನಾನೇ ಕರೆದೆ, "ಬಾರೇ, ಒಂದ್ ಗೇಮ್ ಆಡೋಣ."

"ನೀನೇ ಆಡಮ್ಮ" ಎಂದಳು ಅವಳು, ಪುಸ್ತಕದಿಂದ ತಲೆಯೆತ್ತದೆ. "ಅದೊಂದು ನಂದಾಗಿತ್ತು."

ಕಣ್ಣು ತುಂಬಿ ಬಂತು. ಅವಳೆದುರಿಗೇ ನನ್ನ ಫೋನಿನಿಂದ ಆ ಆಟವನ್ನು ತೆಗೆದುಹಾಕಿದೆ. "ನಿಂದು ನಿಂಗೇ ಇರ್ಲಿ. ಹೋಗು, ಫ್ರೆಂಡ್ಸ್ ಕಾಯ್ತಿರ್ತಾರೆ" ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. "ಅರ್ಧ ಗಂಟೆ ಅಷ್ಟೇ" ಎಂದು ತಾನೇ ಹೇಳಿ ಹೋದಳು.

ಅರ್ಧ ಗಂಟೆ ಮುಕ್ಕಾಲಾಯಿತು. ಆಮೇಲೆ ತಾನಾಗಿಯೇ ಅಡುಗೆಮನೆಗೆ ಬಂದು, ಕಟ್ಟೆ ಹತ್ತಿ ಕೂತು, ಆಟದಲ್ಲಿ ಯಾರು ಯಾರಿಗೆ ಮೋಸ ಮಾಡಿದರೆಂದು ಹೇಳತೊಡಗಿದಳು. ನನಗೆ ಕೇಳಬೇಕೆನಿಸಿದ ಪ್ರಶ್ನೆಗಳು ಹತ್ತಾದರೂ ಇದ್ದವು. ಒಂದನ್ನೂ ಕೇಳದೆ ಚಪಾತಿ ಲಟ್ಟಿಸುತ್ತಾ ನಿಂತೆ.