ಕಪ್ಪು ಮೂಲೆಗಳ ನಡುವೆ ಒಂದು ದೋಣಿ

ದೂರ ನಿಂತು ನೋಡಿದರೆ ಲೋಕ ಸ್ಪಷ್ಟವಾಗಿ ಕಾಣುತ್ತದೆ ಎನ್ನುತ್ತಾರೆ. ಕಾಪು ಕಡಲತೀರದಲ್ಲಿ ನನ್ನ ಕ್ಯಾಮೆರಾದ ಪರದೆಯಲ್ಲಿ ಅದರ ನಾಲ್ಕೂ ಮೂಲೆ ಕಪ್ಪಾಗಿ ಕಂಡವು. ಕಡಲಹಕ್ಕಿಗಳನ್ನು ಚಿತ್ರಿಸಲೆಂದು ಹಳೆಯ ವಿಡಿಯೊ ಕ್ಯಾಮೆರಾಕ್ಕೆ ಅದಕ್ಕೆ ಹೊಂದದ ಉದ್ದದ ಜೂಮ್ ಲೆನ್ಸ್ ಸಿಕ್ಕಿಸಿದ್ದರ ಫಲ.

ಮೀನಿನ ಬುಟ್ಟಿ ಹಿಡಿದಿದ್ದ ಹೆಂಗಸೊಬ್ಬರು ಹತ್ತಿರ ಬಂದರು. "ಆ ನೀಲಿ ದೋಣಿ ಇದರಲ್ಲಿ ಕಾಣ್ತದಾ? ನನ್ನ ತಮ್ಮನದ್ದು. ಮನೆ ಪಾಲಾದ ಮೇಲೆ ನಮಗೆ ಮಾತಿಲ್ಲ."

ದೋಣಿಯನ್ನು ಹುಡುಕಿ ತೋರಿಸಿ, ಕಪ್ಪು ಮೂಲೆಗಳ ಬಗ್ಗೆ ಔಪಚಾರಿಕವಾಗಿ ಕ್ಷಮೆ ಕೋರಿದೆ.

"ಮೂಲೆ ಎಂತಕ್ಕೆ ಮಾರಾಯ್ರೆ? ಅವ ನಡುವಿನಲ್ಲೇ ಇದ್ದಾನಲ್ಲ!" ಎಂದು ಪರದೆಯ ಹತ್ತಿರ ಮುಖ ತಂದರು. ನೋಡುತ್ತಲೇ ಮೆಲ್ಲಗೆ, "ತಲೆಯೆಲ್ಲ ಬೆಳ್ಳಗಾಗಿದೆ ಅವನದ್ದು" ಎಂದರು.

ದೋಣಿ ಮರೆಯಾಗುವವರೆಗೂ ನಾನು ಕ್ಯಾಮೆರಾ ಅಲುಗಿಸಲಿಲ್ಲ. ಅಂದು ಹಕ್ಕಿಗಳ ಚಿತ್ರೀಕರಣ ಆಗಲಿಲ್ಲ.