ಉಚ್ಚಂಗೆಪ್ಪ ಎತ್ತಿದ ಕೊನೆಯ ಜೀಪು

ನಮ್ಮ ಮನೆಯವರ ಹೆಸರು ಉಚ್ಚಂಗೆಪ್ಪ. ಜೀಪಿನ ಕೆಳಗೆ ಸತ್ತರು. ಎರಡು ತಿಂಗಳಾಯಿತು. ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆದದ್ದು ನನಗೆ ಗೊತ್ತು.

ಅವರ ಅಪ್ಪ ಕುರಿ ಕಾದವರು. ಇವರಿಗೆ ಕುರಿ ಒಗ್ಗಲಿಲ್ಲ. ಹಗರಿಬೊಮ್ಮನಹಳ್ಳಿಗೆ ಹೋಗಿ ಲಾರಿಯ ಅಡಿ ಭಾರ ಹೊರುವ ಕಮಾನು ಪಟ್ಟಿ ಕಟ್ಟುವುದು ಕಲಿತರು. ಅದಿರು ಲಾರಿ ಕಡಿಮೆಯಾದ ಮೇಲೆ ಕೊಟ್ಟೂರು ರಸ್ತೆಯಲ್ಲಿ, ನಮ್ಮ ಮನೆಗೆ ಹತ್ತಿಕೊಂಡೇ, ತಗಡಿನ ಶೆಡ್ ಹಾಕಿ ಜೀಪು ಎತ್ತರ ಮಾಡಲು ಶುರು ಮಾಡಿದರು. ಮಳೆಯಾದರೆ ಎರೆ ಹೊಲದಲ್ಲಿ ಜೀಪಿನ ಹೊಟ್ಟೆ ಕೆಸರಿಗೆ ಕೂತುಬಿಡುತ್ತದೆ. ಕಮಾನು ಬದಲಿಸಿ ನಾಲ್ಕು ಬೆರಳು ಮೇಲೆತ್ತಿದರೆ ದೊಡ್ಡ ಟೈರು ಹಿಡಿಸುತ್ತದೆ. ಹಡಗಲಿ, ಹರಪನಹಳ್ಳಿಯಿಂದಲೂ ಜನ ಬರುತ್ತಿದ್ದರು.

ಮಾತು ಕಡಿಮೆ. ಗಿರಾಕಿಗೆ ಬೈಯುವಾಗ ಮಾತ್ರ ಬಾಯಿ ಬರುತ್ತಿತ್ತು.

“ಬರೇ ಎತ್ತರ ಮಾಡಿದ್ರ ಆತೇನ್ರಿ? ಬ್ರೇಕ್ ಪೈಪೂ ಉದ್ದ ಮಾಡ್ಬೇಕು. ಇಲ್ಲಂದ್ರ ಗಾಲಿ ತಗ್ಗಿಗೆ ಇಳಿದಾಗ ಹರೀತೈತಿ. ಆಮ್ಯಾಲೆ ಜೀಪು ನಿಲ್ಸಾಕ ಯಾರ್ನ ಕರೀತೀರಿ, ನಿಮ್ಮ ಮಾವನ್ನ?”

ಗಿರಾಕಿ ನಗುತ್ತಿದ್ದ. ಇವರು ನಗುತ್ತಿರಲಿಲ್ಲ.

ಜಾಕನ್ನು ಯಾವತ್ತೂ ನಂಬಲಿಲ್ಲ. ಅದು ಎತ್ತಲಿಕ್ಕೆ, ಹೊರಲಿಕ್ಕೆ ಅಲ್ಲ ಅನ್ನುತ್ತಿದ್ದರು. ಕಬ್ಬಿಣದ ಸ್ಟ್ಯಾಂಡ್ ಕೊಡದೆ ಒಂದು ಕೈ ಕೂಡ ಒಳಗೆ ಹಾಕುತ್ತಿರಲಿಲ್ಲ.

ಹಿರೇಹಡಗಲಿಯ ಉಳ್ಳಾಗಡ್ಡಿ ವ್ಯಾಪಾರಿ ಕೊಟ್ರಸ್ವಾಮಿ ಜೀಪು ತಂದ. ಅಷ್ಟು ದೊಡ್ಡ ಟೈರು ಇವರು ಅದಕ್ಕೂ ಮೊದಲು ಹಾಕಿರಲಿಲ್ಲ. ಮೂರು ಗಾಲಿ ಆದವು. ನಾಲ್ಕನೆಯದಕ್ಕೆ ಸ್ಟ್ಯಾಂಡಿನ ಎತ್ತರ ಸಾಲಲಿಲ್ಲ. ನಾನು ಅಡುಗೆಗೆ ಮಾಂಸದ ಖಂಡ ಕಡಿಯುವ ಹುಣಸೆ ಕೊರಡು ಒಯ್ದು ಅದರ ಮೇಲಿಟ್ಟರು.

“ನನ್ನ ಕೊರಡು ಯಾಕ್ರಿ?”

“ಸ್ಟ್ಯಾಂಡ್ ಗಿಡ್ಡ ಆಗೈತಿ. ಸಂಜೀಕ ಕೊಡ್ತೀನಿ ಬಿಡು.”

ಮಧ್ಯಾಹ್ನ ಅತ್ತೆಯ ತಂಗಿ ಬಂದರು. ಅತ್ತೆ ಖಂಡ ತರಿಸಿದರು. ಇವರು ಟೈರನ್ನು ರಿಮ್ಮಿಗೆ ಕೂಡಿಸಿಕೊಂಡು ಬರಲು ಪಂಕ್ಚರ್ ಅಂಗಡಿಗೆ ಹೋಗಿದ್ದರು. ಕೊರಡು ತರಲು ನಾನು ಶೆಡ್ಡಿಗೆ ಹೋದೆ. ಕೊರಡಿಗೂ ಅಚ್ಚಿಗೂ ನಡುವೆ ಬೆರಳು ಹೋಗುವಷ್ಟು ಸಂದು. ಜೀಪು ಜಾಕಿನ ಮೇಲೆ ನಿಂತಿತ್ತು. ಕೊರಡು ಸುಮ್ಮನೆ ಕೂತಿದೆ ಅಂದುಕೊಂಡೆ. ಎಳೆದೆ. ಬಂತು.

ಅವರು ಬಂದದ್ದು ನನಗೆ ಗೊತ್ತಾಗಲಿಲ್ಲ. ಕೊರಡು ತಾವೇ ಇಟ್ಟಿದ್ದು, ಬಗ್ಗಿ ನೋಡುವುದು ಏನಿದೆ? ಕಮಾನಿನ ಕ್ಲ್ಯಾಂಪ್ ಬಿಗಿಮಾಡಲು ಕೆಳಗೆ ಹೋದರು. ನಾನು ಖಂಡ ಕಡಿಯುತ್ತಿದ್ದೆ. ಧಡ್ ಅಂತು. ಒಂದೇ ಸಲ. ಕತ್ತಿ ಕೈಯಲ್ಲಿ ಹಿಡಿದುಕೊಂಡೇ ಓಡಿದೆ. ಜಾಕು ಜಾರಿತ್ತು.

ಜನ ಜೀಪು ಎತ್ತಿ ಹೊರಗೆ ತೆಗೆದರು. ಜೀವ ಇರಲಿಲ್ಲ. ನಾನು ಅಳಲಿಲ್ಲ. ಅವರ ಮುಖವನ್ನೂ ನೋಡಲಿಲ್ಲ. ಮೇಲೆ ಏನೂ ಇಲ್ಲದ ಸ್ಟ್ಯಾಂಡನ್ನು ನೋಡಿದೆ. ಆವತ್ತು ಮನೆಗೆ ಹೇಗೆ ಬಂದೆ, ಕತ್ತಿ ಎಲ್ಲಿಟ್ಟೆ, ನೆನಪಿಲ್ಲ.

ಹನ್ನೆರಡನೇ ದಿನ ಕೊಟ್ರಸ್ವಾಮಿ ಮಾತಾಡಿಸಲು ಬಂದ. ಜೀಪು ಇನ್ನೂ ಶೆಡ್ಡಿನಲ್ಲೇ, ಮೂರು ಗಾಲಿಯ ಮೇಲೆ ಓರೆಯಾಗಿ ನಿಂತಿತ್ತು. ನನ್ನ ಮೈದುನ ಮೈಲಾರೇಶ್ ಅವನನ್ನು ಒಳಗೆ ಕರೆಯಲಿಲ್ಲ. ಅಂಗಳದಲ್ಲಿ ನಾಲ್ಕು ಜನರ ಮುಂದೆಯೇ ನಿಲ್ಲಿಸಿದ.

“ನಮ್ಮಣ್ಣ ಸ್ಟ್ಯಾಂಡ್ ಕೊಡದ ಒಳಗ ಹೋಗಾವಲ್ಲ. ನೀವು ಜಲ್ದಿ ಕೊಡು ಅಂತ ಫೋನ್ ಮ್ಯಾಲೆ ಫೋನ್ ಮಾಡಿ ಅವನ ತಲಿ ಕೆಡಿಸೀರಿ. ಜೀಪು ಬಿಡಂಗಿಲ್ಲ. ನಾಳಿ ಸ್ಟೇಷನ್ನಿಗೆ ಹೋಗಿ ನಿಮ್ಮ ಹೆಸರು ಬರೆಸ್ತೀನಿ.”

ಕೊಟ್ರಸ್ವಾಮಿ ತಲೆ ಎತ್ತಲಿಲ್ಲ. “ಬರೆಸಪ್ಪ. ಎರಡು ಸಲ ಮಾಡಿದ್ದು ಖರೆ. ಮಾಡಬಾರ್ದಿತ್ತು.”

ಅವನು ನಂಬಿಬಿಟ್ಟಿದ್ದ. ತಾನೇ ಕೊಂದೆ ಅಂತ.

ನಾನು ಹೊಸ್ತಿಲು ದಾಟಿ ಹೊರಗೆ ಬಂದೆ. “ಮೈಲಾರೇಶ್, ಕೊರಡು ನಾನು ತಗೊಂಡೆ.”

“ಯಾವ ಕೊರಡು, ಅತ್ತಿಗಿ?”

ಹೇಳಿದೆ. ಸ್ಟ್ಯಾಂಡಿನ ಮೇಲಿದ್ದದ್ದು, ಸಂದು ಇದ್ದದ್ದು, ಎಳೆದದ್ದು. ಮೈಲಾರೇಶ್ ಅಲ್ಲೇ ಕಟ್ಟೆಯ ಮೇಲೆ ಕೂತ.

ಅತ್ತೆ ಪಕ್ಕೀರಮ್ಮ ಗೋಡೆಗೆ ಒರಗಿ ಕೂತಿದ್ದರು. ಅಷ್ಟೂ ದಿನ ನನಗೆ ಊಟ ಸೇರದಿದ್ದಾಗ ತುತ್ತು ಮಾಡಿ ಬಾಯಿಗೆ ಇಟ್ಟವರು ಅವರು.

“ಹನ್ನೆರಡು ದಿನ ನನ್ನ ಕೈಯಾಗ ಉಂಡಿ,” ಅಂದರು. “ಒಂದ್ ಮಾತು ಹೇಳಾಕ ಆಗ್ಲಿಲ್ಲೇನ?”

“ಬಾಯಿ ಬರ್ಲಿಲ್ಲ, ಅತ್ತಿ.”

“ಈಗ್ಯಾಕ ಬಂತು?”

“ಜೀಪಿನವ್ರು ಮಾಡಿಲ್ಲ. ಅದಕ್ಕ.”

ಅತ್ತೆ ಗೋಡೆ ಹಿಡಿದು ಎದ್ದು ಒಳಗೆ ಹೋದರು.

ಮೈಲಾರೇಶ್ ಸ್ಟೇಷನ್ನಿಗೆ ಹೋಗಲಿಲ್ಲ. ಮರುದಿನ ಕೊಟ್ರಸ್ವಾಮಿ ಕೂಡ್ಲಿಗಿಯಿಂದ ಬೇರೆ ಮೆಕ್ಯಾನಿಕ್ ಕರೆತಂದು ಜೀಪು ಒಯ್ದ. ಹೋಗುವಾಗ ನನಗೆ ಕೈ ಮುಗಿದ. ನಾನು ಮುಗಿಯಲಿಲ್ಲ, ಕೈ ಏಳಲಿಲ್ಲ.

ಈಗಲೂ ಇದೇ ಮನೆಯಲ್ಲಿದ್ದೇನೆ. ಹೋಗು ಅಂತ ಯಾರೂ ಅಂದಿಲ್ಲ. ಅತ್ತೆ ರೊಟ್ಟಿ ಬಡಿದು ಬುಟ್ಟಿಗೆ ಹಾಕುತ್ತಾರೆ. ನಾನೇ ತೆಗೆದುಕೊಂಡು ಉಣ್ಣುತ್ತೇನೆ.